ಹನ್ನೊಂದನೇ ಬರ್ತು ಮತ್ತು ಅಕ್ಕನ ಆಣೆ

ಕಾಗದ ಬಂದದ್ದು ಮಂಗಳವಾರ. ಬನಶಂಕರಿಯ ಮಟ್ಟಿಗೆ ಅಲ್ಲಿಗೇ ಅರ್ಧ ತೀರ್ಮಾನವಾಗಿಹೋಯಿತು. ಇಪ್ಸ್‌ವಿಚ್‌ನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ರೈಲು ಹಿಡಿದು, ಬ್ರಿಸ್ಬೇನ್ ನದಿಯ ಹಿನ್ನೀರಿನಲ್ಲಿ ದೋಣಿಗಳನ್ನು ಕಟ್ಟುವ ಜೆಟ್ಟಿಗೆ ಅವಳು ಬಂದು ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಅವಳ ದೋಣಿಮನೆಯ ಬಾಗಿಲಿಗೆ ಯಾರೋ ಪ್ಲಾಸ್ಟಿಕ್ ಲಕೋಟೆಯೊಂದನ್ನು ಟೇಪು ಹಾಕಿ ಅಂಟಿಸಿ ಹೋಗಿದ್ದರು. ಅದನ್ನು ಕಿತ್ತುಕೊಂಡವಳೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿಕೊಂಡರೆ ಸರ್ಕಾರ ಹೊರಗೇ ಉಳಿಯುತ್ತದೆ ಎಂದು ನಂಬುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಬನಶಂಕರಿ ಅವರಲ್ಲಿ ಒಬ್ಬಳು.

ಎರಡು ಹಾಳೆಯ ಕಾಗದ. ಮೂರು ಸಲ ಓದಿದ ಮೇಲೆ ಇಷ್ಟು ತಿಳಿಯಿತು: ಈ ಹಿನ್ನೀರಿನಲ್ಲಿ ದೋಣಿ ಕಟ್ಟಿಕೊಂಡು ಅದರಲ್ಲೇ ವಾಸವಾಗಿರುವವರಿಗೆ ಹೊಸ ನಿಯಮ ಬಂದಿದೆ. ಹಳೆಯ ಲೈಸೆನ್ಸುಗಳೆಲ್ಲ ರದ್ದು. ಕಳೆದ ಐದು ವರ್ಷ ಬಿಡದೆ ಇಲ್ಲೇ ವಾಸವಿದ್ದೇವೆ ಎಂದು ದಾಖಲೆ ತೋರಿಸಿದವರಿಗೆ ಅವರವರ ಹೆಸರಿನಲ್ಲಿ ಹೊಸ ಲೈಸೆನ್ಸು. ತೋರಿಸಲಾಗದವರು ಇಪ್ಪತ್ತೆಂಟು ದಿನಗಳೊಳಗೆ ದೋಣಿ ತೆಗೆದುಕೊಂಡು ಹೋಗಬೇಕು. ತೆಗೆಯದಿದ್ದರೆ ಸರ್ಕಾರದವರೇ ಎಳೆದೊಯ್ಯುತ್ತಾರೆ.

ಐದು ವರ್ಷವೇನು, ಅವಳು ಆ ಜೆಟ್ಟಿಯ ಹನ್ನೊಂದನೇ ಬರ್ತಿನಲ್ಲಿ, ಅಂದರೆ ದೋಣಿ ನಿಲ್ಲಿಸುವ ಹನ್ನೊಂದನೇ ಜಾಗದಲ್ಲಿ, ಹದಿನಾಲ್ಕು ವರ್ಷದಿಂದ ಇದ್ದಾಳೆ. ಆದರೂ ಕಾಗದವನ್ನು ನಾಲ್ಕನೇ ಸಲ ಓದಿದಳು. ಯಾಕೆಂದರೆ ಅವಳು ಅಲ್ಲಿದ್ದಾಳೆ ಎಂದು ಹೇಳುವ ಒಂದೇ ಒಂದು ಕಾಗದ ಇಡೀ ಆಸ್ಟ್ರೇಲಿಯಾದಲ್ಲಿ ಇರಲಿಲ್ಲ. ಇರದ ಹಾಗೆ ನೋಡಿಕೊಂಡವಳೂ ಅವಳೇ.

ಅದಕ್ಕೊಂದು ಕಾರಣವಿದೆ. ಕಾರಣ ಮೈಸೂರಿನ ಸರಸ್ವತಿಪುರದಲ್ಲಿದೆ. ಹೆಸರು ಸರ್ವಮಂಗಳ, ಬನಶಂಕರಿಯ ಅಕ್ಕ.

ಬನಶಂಕರಿಗೆ ಒಂಬತ್ತು ವರ್ಷವಿದ್ದಾಗ ಮನೆಮಂದಿಯೆಲ್ಲ ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. ಆರು ವರ್ಷದ ತಮ್ಮ ವಸಂತನ ಕೈ ಹಿಡಿದುಕೊಂಡಿರು ಎಂದು ಅಮ್ಮ ಹೇಳಿದ್ದು ಹದಿಮೂರರ ಸರ್ವಮಂಗಳನಿಗೆ. ಸ್ನಾನಘಟ್ಟದಲ್ಲಿ ಜಡೆ ಕಟ್ಟಿಕೊಳ್ಳಲು ಅವಳು ಒಂದು ಗಳಿಗೆ ಕೈ ಬಿಟ್ಟಳು. ಹುಡುಗ ಸಿಕ್ಕಿದ್ದು ಮಾರನೆಯ ದಿನ. ಅಂದಿನಿಂದ ಸರ್ವಮಂಗಳ ಕಾವೇರಿಯನ್ನು ಕಣ್ಣೆತ್ತಿ ನೋಡಿಲ್ಲ. ಬೆಂಗಳೂರಿಗೆ ಹೋಗುವ ರೈಲು ಸೇತುವೆ ದಾಟುವಾಗ ಈಗಲೂ ಸೆರಗು ಮುಖಕ್ಕೆ ಹಾಕಿಕೊಂಡು ಕೂರುತ್ತಾಳೆ.

ಇತ್ತ ಬನಶಂಕರಿ ಗಂಡ ಸೋಮಶೇಖರನ ಜೊತೆ ಬ್ರಿಸ್ಬೇನಿಗೆ ಬಂದಳು. ಸೋಮಶೇಖರ ಮೈಸೂರಿನ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಆಗಿದ್ದವನು; ಸ್ಕಿಲ್ಡ್ ವೀಸಾದಲ್ಲಿ ಬಂದು ಇಪ್ಸ್‌ವಿಚ್ ದಾರಿಯಲ್ಲಿರುವ ಗುಡ್ನಾದಲ್ಲಿ ಬಾಡಿಗೆಗೆ ಮನೆ ಹಿಡಿದ. ಮಕ್ಕಳಾಗಲಿಲ್ಲ. ಎರಡು ಸಾವಿರದ ಹನ್ನೊಂದರ ಜನವರಿಯಲ್ಲಿ ನದಿ ಉಕ್ಕಿ ಆ ಮನೆಯ ಸೂರಿನವರೆಗೆ ಬಂತು. ಮದುವೆಯ ಸೀರೆ, ಪಾತ್ರೆ, ಸೋಫಾ ಎಲ್ಲ ಕೆಸರಾಯಿತು. ಶಾಲೆಯೊಂದರ ಹಾಲ್‌ನಲ್ಲಿ ಮಲಗಿದ್ದಾಗ ಸರ್ವಮಂಗಳ ಫೋನ್ ಮಾಡಿ ಕಿರುಚಿದಳು.

"ಶಂಕ್ರಿ, ಇನ್ಮೇಲೆ ನೀರಿನ ಹತ್ರ ಸಂಸಾರ ಮಾಡಲ್ಲ ಅಂತ ನನ್ನ ಮೇಲೆ ಆಣೆ ಮಾಡು. ಈಗ್ಲೇ ಮಾಡು!"

"ಮಾಡಿದೆ ಕಣೇ ಅಕ್ಕ. ನಿನ್ನ ಮೇಲಾಣೆ."

ಮಾಡಿ ಇಪ್ಪತ್ತು ದಿನ ಕಳೆದಿರಲಿಲ್ಲ. ಊರಲ್ಲೆಲ್ಲ ಬಾಡಿಗೆ ಮನೆಗೆ ಜನ ಸಾಲುಗಟ್ಟಿ ನಿಂತಿದ್ದರು. ಸೋಮಶೇಖರನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಮುದುಕ ತನ್ನ ಹಳೆಯ ದೋಣಿಮನೆಯಲ್ಲಿ ಎರಡು ತಿಂಗಳ ಮಟ್ಟಿಗೆ ಇರಿ ಎಂದ. ಹೋದರು. ಆ ಎರಡು ತಿಂಗಳಲ್ಲಿ ಸೋಮಶೇಖರನಿಗೆ ದೋಣಿಯ ಇಂಜಿನ್ ಮೇಲೆ ಪ್ರೀತಿ ಹುಟ್ಟಿತು. ಕೊಂಡೇಬಿಟ್ಟ. "ಮನೆ ಮುಳುಗತ್ತೆ ಶಂಕ್ರಿ, ದೋಣಿ ತೇಲತ್ತೆ. ಯಾವುದು ಸೇಫು ನೀನೇ ಹೇಳು" ಎಂದು ಇಂಜಿನಿಯರನ ಲೆಕ್ಕಾಚಾರ ಮುಂದಿಟ್ಟ. ಅಕ್ಕನ ಆಣೆಯ ಗತಿಯೇನು ಎಂದು ಇವಳು ಅತ್ತದ್ದಕ್ಕೆ ಅವನು ಇಂಜಿನ್ ಒರೆಸಲು ಎದ್ದುಹೋದ.

ಉತ್ತರವನ್ನು ಬನಶಂಕರಿಯೇ ಕಂಡುಕೊಂಡಳು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದ ನಾಗರಾಜ–ಗೌರಿ ದಂಪತಿಗಳ ವಿಳಾಸವನ್ನು ಅಕ್ಕನಿಗೆ ಕೊಟ್ಟಳು. ನಾಗರಾಜ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ಗೌರಿ ಆಗಿನ್ನೂ ಹೊಸ ಮದುವಣಗಿತ್ತಿ. ಗುಡ್ಡದ ಮೇಲಿನ ಮನೆ, ಒಣನೆಲ. ಅಕ್ಕ ಪ್ರತಿ ಡಿಸೆಂಬರಿನಲ್ಲಿ ಕಳಿಸುವ ಕನ್ನಡ ಕ್ಯಾಲೆಂಡರು ಅಲ್ಲಿಗೇ ಬರತೊಡಗಿತು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ಗುಟ್ಟು ಎಲ್ಲಾದರೂ ಬಯಲಾದೀತು, ಎಲ್ಲ ಕಡೆಯೂ ಒಂದೇ ಇರಲಿ ಎಂದು ಬ್ಯಾಂಕು, ಡ್ರೈವಿಂಗ್ ಲೈಸೆನ್ಸು, ಆಸ್ಪತ್ರೆಯ ಪೇ-ಸ್ಲಿಪ್ಪು, ಸರ್ಕಾರಿ ಆರೋಗ್ಯ ವಿಮೆಯ ಮೆಡಿಕೇರ್ ಕಾರ್ಡು, ಎಲ್ಲದಕ್ಕೂ ಅದೇ ಸ್ಪ್ರಿಂಗ್‌ಫೀಲ್ಡ್ ವಿಳಾಸ ಬರೆಸಿದಳು. ದೋಣಿಯ ಲೈಸೆನ್ಸಿನಲ್ಲೂ ಅದೇ. ಮೈಸೂರಿನಲ್ಲಿ ಕೂತ ಅಕ್ಕ ಬ್ರಿಸ್ಬೇನಿನ ಬ್ಯಾಂಕಿಗೆ ಬಂದು ವಿಚಾರಿಸುತ್ತಾಳೆಯೇ? ಹೆದರಿದವಳಿಗೆ ಇಂಥ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ.

ಆಣೆ ಮುರಿದರೆ ಯಾರ ಮೇಲೆ ಆಣೆಯಿಟ್ಟಿದ್ದೇವೋ ಅವರಿಗೆ ಕೇಡು. ಇದನ್ನು ಅವಳು ಚಿಕ್ಕಂದಿನಿಂದ ನಂಬಿದವಳು. ಅಕ್ಕನಿಗೆ ಬಿಪಿ ಬಂದಾಗ, ಷುಗರ್ ಬಂದಾಗ, ಬಚ್ಚಲಲ್ಲಿ ಜಾರಿ ಸೊಂಟ ಉಳುಕಿದಾಗ, ಪ್ರತಿ ಸಲವೂ ಇವಳು ಜೆಟ್ಟಿಯ ತುದಿಯಲ್ಲಿ ನಿಂತು ನೀರಿಗೆ ಅರಿಶಿನ ಕುಂಕುಮ ಹಾಕಿ ತಪ್ಪೊಪ್ಪಿಕೊಂಡಳು. ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಕೋವಿಡ್‌ನ ಎರಡನೇ ವರ್ಷ, ಜೂನ್ ತಿಂಗಳಲ್ಲಿ, ಇಂಜಿನ್ ಒರೆಸುತ್ತಿದ್ದ ಸೋಮಶೇಖರ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅದರ ಮರುವರ್ಷ ಮತ್ತೆ ಪ್ರವಾಹ ಬಂತು. ಈಜು ಬಾರದ ಬನಶಂಕರಿ ಸೀರೆಯ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡು ಎರಡು ಹಗಲು ದೇವರ ಗೂಡಿನ ಮುಂದೆ ಕೂತಿದ್ದಳು. ದೋಣಿ ನೀರಿನೊಂದಿಗೆ ಮೇಲೇರಿತು, ನೀರಿನೊಂದಿಗೆ ಇಳಿಯಿತು. ಗಂಡ ಹೇಳಿದ್ದು ನಿಜವಾಗಿತ್ತು. ಅಂದಿನಿಂದ ಆ ಮೂವತ್ತೆರಡು ಅಡಿಯ ಮರದ ಡಬ್ಬಿಯನ್ನು ಅವಳು ಗಂಡ ಬಿಟ್ಟುಹೋದ ಮಾತು ಎಂದೇ ಹಿಡಿದುಕೊಂಡಳು. ಅದು ಬಿಟ್ಟರೆ ಅವಳಿಗೆ ಬೇರೆ ಮನೆಯಿಲ್ಲ. ಅಷ್ಟು ಹಳೆಯ ದೋಣಿಯನ್ನು ಬೇರೆ ಯಾವ ಜೆಟ್ಟಿಯವರೂ ಸೇರಿಸಿಕೊಳ್ಳುವುದಿಲ್ಲ. ಎಳೆದುಕೊಂಡು ಹೋದರೆ ನೇರ ಒಡೆಯುವ ಜಾಗಕ್ಕೇ.

ನಿಯಮದ ಕಾಗದದಲ್ಲಿ ಇನ್ನೊಂದು ದಾರಿಯಿತ್ತು. ದಾಖಲೆ ಇಲ್ಲದವರು, ಗೊತ್ತಿರುವವರಿಂದ ಪ್ರಮಾಣಪತ್ರ ತರಬಹುದು. ಬನಶಂಕರಿ ಶನಿವಾರ ಸ್ಪ್ರಿಂಗ್‌ಫೀಲ್ಡಿಗೆ ಹೋದಳು. ಗೌರಿ ಅಕ್ಕಿರೊಟ್ಟಿ ಮಾಡಿ ಹಾಕಿದಳು. ವಿಷಯ ಕೇಳಿದ ಮೇಲೆ ಒಲೆಯ ಕಡೆ ತಿರುಗಿಯೇ ನಿಂತಳು.

"ಆಂಟಿ, ತಪ್ಪು ತಿಳ್ಕೋಬೇಡಿ. ನೀವು ಇಲ್ಲಿರ್ಲಿಲ್ಲ ಅಂತ ನಾವು ಬರ್ಕೊಟ್ರೆ, ಇಷ್ಟು ವರ್ಷ ನಿಮ್ಮ ಅಡ್ರೆಸ್ ಇಲ್ಲಿ ಹೇಗಿತ್ತು ಅಂತ ಕೇಳ್ತಾರೆ. ಅತ್ತೆ ವೀಸಾ ಫೈಲ್ ಇನ್ನೂ ಸರ್ಕಾರದ ಹತ್ರಾನೇ ಇದೆ. ನಮ್ಮನೇಲಿ ಯಾರ್ಯಾರಿದ್ದಾರೆ ಅಂತ ಫಾರ್ಮಲ್ಲಿ ಬರ್ದಿದ್ದೀವಿ. ಅದ್ರಲ್ಲಿ ನಿಮ್ಮ ಹೆಸ್ರಿಲ್ಲ."

ನಾಗರಾಜ ಫೋನ್ ನೋಡುತ್ತ, "ಸ್ವಲ್ಪ ದಿನ ನೋಡೋಣ ಆಂಟಿ" ಎಂದ. ಸ್ವಲ್ಪ ದಿನ ಎಂದರೆ ಇಪ್ಪತ್ತನಾಲ್ಕು ಎಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವರ ಮೇಲೆ ಸಿಟ್ಟು ಬರಲಿಲ್ಲ. ಫಾರ್ಮಿನ ಭಯ ಎಂಥದೆಂದು ಅವಳಿಗಿಂತ ಚೆನ್ನಾಗಿ ಯಾರು ಬಲ್ಲರು? ಸಿಟ್ಟು ಈ ಕಥೆ ಹೇಳುತ್ತಿರುವ ನನಗೆ ಬರುತ್ತದೆ, ಆದರೆ ರೊಟ್ಟಿ ತಿಂದವಳು ಅವಳು.

ಹನ್ನೆರಡನೆಯ ದಿನ ಪಕ್ಕದ ಬರ್ತಿನ ಡೋರೀನ್ ಹೊರಟಳು. ಎಪ್ಪತ್ತು ದಾಟಿದ ಆ ಆಸ್ಟ್ರೇಲಿಯನ್ ಹೆಂಗಸು ಅಲ್ಲಿ ಇಪ್ಪತ್ತೆರಡು ವರ್ಷವಿದ್ದಳು. ಒಂದು ಕಾಗದವನ್ನೂ ಇಟ್ಟುಕೊಂಡವಳಲ್ಲ. "ಐ ಡೋಂಟ್ ಡು ಫಾರ್ಮ್ಸ್, ಲವ್" ಎಂದು ಬನಶಂಕರಿಯ ಕೆನ್ನೆ ತಟ್ಟಿ, ಅಡಿಲೇಡಿನಲ್ಲಿರುವ ಮಗಳ ಮನೆಯ ಗರಾಜಿಗೆ ಹೋಗುತ್ತೇನೆ ಎಂದಳು. ಮಧ್ಯಾಹ್ನ ಟಗ್ ದೋಣಿ ಬಂದು ಅವಳ ಹಸಿರು ದೋಣಿಯನ್ನು ಹಗ್ಗ ಹಾಕಿ ಎಳೆಯಿತು. ಕಿಟಕಿಯಲ್ಲಿ ಪರದೆ ಇನ್ನೂ ತೂಗುತ್ತಿತ್ತು. ಅದು ನದಿಯ ತಿರುವಿನಲ್ಲಿ ಮರೆಯಾಗುವವರೆಗೂ ಬನಶಂಕರಿ ನೋಡಿದಳು. ಆಮೇಲೆ ಒಳಗೆ ಹೋಗಿ ವಾಂತಿ ಮಾಡಿಕೊಂಡಳು.

ಅಂದಿನಿಂದ ಜೆಟ್ಟಿಯ ಹಲಗೆಯ ಮೇಲೆ ಬೂಟಿನ ಸದ್ದಾದರೆ ಸಾಕು, ಅವಳು ಎದ್ದು ಚಿಲಕ ಹಾಕುತ್ತಿದ್ದಳು. ಆಸ್ಪತ್ರೆಯಲ್ಲಿ ಉಪ್ಪಿಲ್ಲದ ಊಟದ ತಟ್ಟೆಯನ್ನು ಷುಗರಿನವರಿಗೆ, ಷುಗರಿನವರದ್ದನ್ನು ಮಕ್ಕಳ ವಾರ್ಡಿಗೆ ಕಳಿಸಿ ಬೈಸಿಕೊಂಡಳು. ಹೊರಗೆ ಹೋದಾಗ ದೋಣಿ ಎಳೆದುಬಿಟ್ಟಿದ್ದರೆ ಎಂದು ರೈಲಿನಲ್ಲಿ ಕೂತಾಗಲೆಲ್ಲ ಅನ್ನಿಸುತ್ತಿತ್ತು. ಸ್ಟೇಷನ್ನಿನಿಂದ ಓಡುನಡಿಗೆಯಲ್ಲಿ ಬಂದು, ತಿರುವಿನಲ್ಲಿ ದೋಣಿಯ ನೀಲಿ ಸೂರು ಕಂಡ ಮೇಲೆಯೇ ಅವಳಿಗೆ ಉಸಿರು ಬರುತ್ತಿತ್ತು.

ಹದಿನೆಂಟನೆಯ ದಿನ ರಜೆ ಹಾಕಿ ಸಾಮಾನು ಕಟ್ಟಲು ಕೂತಳು. ಎಲ್ಲಿಗೆಂದು ಗೊತ್ತಿಲ್ಲ, ಆದರೂ ಕಟ್ಟಿದಳು. ಬೆಳಗ್ಗೆ ಹತ್ತರ ಹೊತ್ತು, ಕಾಫಿಗೆ ಹಾಲಿಟ್ಟಿದ್ದಳು. ಒಲೆ ಪುಸ್ ಎಂದು ಆರಿತು. ಸಿಲಿಂಡರ್ ಖಾಲಿ. ಎದ್ದು ಹಿಂದಿನ ಡೆಕ್ಕಿಗೆ ಹೋಗಿ ಇನ್ನೊಂದನ್ನು ತಿರುಗಿಸಿ ಹಾಕಿ ಬಂದಳು. ಬಂದವಳೇ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದ ಪೆನ್ಸಿಲ್ ತೆಗೆದು, ಆ ದಿನದ ಚೌಕದಲ್ಲಿ 'ಸಿ. ಹಾ.' ಎಂದು ಬರೆದಳು. ಸಿಲಿಂಡರ್ ಹಾಕಿದ್ದು. ಮೈಸೂರಿನ ಅಡುಗೆಮನೆಗಳಲ್ಲಿ ಸಿಲಿಂಡರ್ ಎಷ್ಟು ದಿನ ಬಂತು, ಮುಂದಿನದನ್ನು ಯಾವಾಗ ಬುಕ್ ಮಾಡಬೇಕು ಎಂದು ತಿಳಿಯಲು ಎಲ್ಲ ಹೆಂಗಸರೂ ಹೀಗೇ ಬರೆಯುತ್ತಾರೆ. ಇಲ್ಲಿ ಅದರ ಅಗತ್ಯವೇ ಇಲ್ಲ. ಫೋನ್ ಮಾಡಿದರೆ ಡಿಪೋದವನು ತಂದಿಳಿಸುತ್ತಾನೆ. ಆದರೂ ಅವಳು ಬಿಟ್ಟವಳಲ್ಲ. ಸಿಲಿಂಡರ್ ತಂದಿಳಿಸಿದ ದಿನ 'ಸಿ. ಬಂ.', ಹಾಕಿದ ದಿನ 'ಸಿ. ಹಾ.'

ಇನ್ನು ಹತ್ತು ದಿನದಲ್ಲಿ ಇಲ್ಲದೇ ಹೋಗುವ ಮನೆಯ ಸಿಲಿಂಡರಿಗೆ ತಾರೀಖು ಯಾಕೆ ಬೇಕು ಎಂದುಕೊಂಡಳು. ಅಳು ಬಂತು. ಅಳುತ್ತ ನಿಂತವಳಿಗೆ ಪೆನ್ಸಿಲ್ ಕೈಯಲ್ಲಿರುವಾಗಲೇ ಹೊಳೆಯಿತು: ಬ್ಯಾಂಕಿನ ಕಾಗದ ಸ್ಪ್ರಿಂಗ್‌ಫೀಲ್ಡಿಗೆ ಹೋಗಬಹುದು, ಮೆಡಿಕೇರ್ ಕಾರ್ಡು ಹೋಗಬಹುದು, ಅಕ್ಕನ ಕ್ಯಾಲೆಂಡರು ಹೋಗಬಹುದು. ಸಿಲಿಂಡರ್ ಮಾತ್ರ ಒಲೆ ಇರುವಲ್ಲಿಗೇ ಬರಬೇಕು. ಅದೊಂದರ ವಿಷಯದಲ್ಲಿ ಅವಳು ಸುಳ್ಳು ಹೇಳಿರಲಿಲ್ಲ. ಹೇಳಲು ಸಾಧ್ಯವಿರಲಿಲ್ಲ.

ಹಾಲು ಕಾಯಿಸದೆ ಗ್ಯಾಸ್ ಡಿಪೋಗೆ ಹೋದಳು. ಕೌಂಟರಿನ ಹುಡುಗಿ ಒಳ್ಳೆಯವಳೇ. ಆದರೆ ಹಳೆಯ ಡೆಲಿವರಿ ಚೀಟಿಗಳೆಲ್ಲ ಹಿಂದಿನ ಶೆಡ್ಡಿನಲ್ಲಿ ತಾರೀಖಿನ ಪ್ರಕಾರ ಪೆಟ್ಟಿಗೆಗಳಲ್ಲಿವೆ, ಹೆಸರಿನ ಪ್ರಕಾರ ಹುಡುಕಲು ಆಗುವುದಿಲ್ಲ, ತಾರೀಖು ಗೊತ್ತಿದ್ದರೆ ಮಾತ್ರ ತೆಗೆಯಬಹುದು ಎಂದಳು. ಐದು ವರ್ಷದ ಹಿಂದೆ ಯಾವತ್ತು ಸಿಲಿಂಡರ್ ಬಂತೆಂದು ಯಾರಿಗೆ ನೆನಪಿರುತ್ತದೆ ಎಂದು ಪಾಪ, ಕನಿಕರದ ಮುಖ ಮಾಡಿದಳು. ಬನಶಂಕರಿ ಮರುದಿನ ಹೆಗಲಿಗೆ ಚೀಲ ಹಾಕಿಕೊಂಡು ಹೋಗಿ ಬಿಸಾಡದೆ ಇಟ್ಟುಕೊಂಡಿದ್ದ ಐದು ವರ್ಷದ ಕ್ಯಾಲೆಂಡರುಗಳನ್ನು ಅವಳ ಮುಂದೆ ಹರಡಿದಳು. ಕನ್ನಡ ತಿಂಗಳು, ತಿಥಿ, ರಾಹುಕಾಲ, ಅಕ್ಕ ಹಸಿರು ಶಾಯಿಯಲ್ಲಿ ಗುರುತು ಹಾಕಿ ಕಳಿಸಿದ ಅಪ್ಪನ ತಿಥಿ, ತಮ್ಮನ ತಿಥಿ. ಇವುಗಳ ನಡುವೆ ಪೆನ್ಸಿಲಿನ 'ಸಿ. ಬಂ.' ಒಂದೊಂದಾಗಿ ತಾರೀಖು ಓದಿ ಹೇಳಿದಳು. ಹುಡುಗಿ ಒಂದೊಂದಾಗಿ ಚೀಟಿ ತಂದಳು. ಎಲ್ಲದರ ಮೇಲೂ ಡ್ರೈವರನ ಸೊಟ್ಟ ಅಕ್ಷರ: ಬರ್ತ್ ಹನ್ನೊಂದು. ಕೆಳಗೆ ಬನಶಂಕರಿಯ ರುಜು.

ಇಪ್ಪತ್ತೈದನೆಯ ದಿನ ಲೈಸೆನ್ಸು ಕಚೇರಿಯಲ್ಲಿ ಅವಳ ಸರದಿ ಬಂತು. ಮೇಜಿನಾಚೆ ಇದ್ದವಳು ಕನ್ನಡಕ ಹಾಕಿದ ನಡುವಯಸ್ಸಿನ ಅಧಿಕಾರಿ. ಬನಶಂಕರಿ ಚೀಟಿಗಳನ್ನೂ ಕ್ಯಾಲೆಂಡರುಗಳನ್ನೂ ಮುಂದಿಟ್ಟು ಕೈ ಕಟ್ಟಿ ಕೂತಳು. ಅಧಿಕಾರಿ ತಾಳೆ ನೋಡುತ್ತ ಹೋದವಳು ಒಂದು ಕಡೆ ನಿಂತಳು. ಎರಡು ಸಾವಿರದ ಇಪ್ಪತ್ತೊಂದರದ್ದು ಅಚ್ಚಿನ ಕ್ಯಾಲೆಂಡರಲ್ಲ. ಕೋವಿಡ್‌ನಿಂದಾಗಿ ಆ ವರ್ಷ ಮೈಸೂರಿನ ಟಪಾಲು ಬರಲಿಲ್ಲ. ಕ್ಯಾಲೆಂಡರಿಲ್ಲದೆ ಹೆಂಡತಿ ಚಡಪಡಿಸುವುದನ್ನು ನೋಡಲಾರದೆ ಸೋಮಶೇಖರ ಕಂದು ರಟ್ಟಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಹನ್ನೆರಡು ತಿಂಗಳನ್ನೂ ತಾನೇ ಬರೆದಿದ್ದ. ಮೇ ತಿಂಗಳವರೆಗೆ 'ಸಿ. ಬಂ.' ಕೂಡ ಅವನದೇ ಅಕ್ಷರ, ಇಂಜಿನಿಯರನ ನೆಟ್ಟನೆಯ ಅಕ್ಷರ. ಜೂನಿನಲ್ಲಿ ಏನೂ ಇಲ್ಲ. ಜುಲೈನಿಂದ ಅಕ್ಷರ ಬೇರೆ.

ಅಧಿಕಾರಿ ಅದನ್ನು ನೋಡಿದಳು, ಬನಶಂಕರಿಯನ್ನು ನೋಡಿದಳು. ರಟ್ಟನ್ನು ಮಿಕ್ಕವುಗಳ ಕೆಳಗೆ ಸೇರಿಸದೆ ಪಕ್ಕಕ್ಕೆ ಹುಷಾರಾಗಿ ಇಟ್ಟಳು. ಆಮೇಲೆ ಕೇಳಿದ್ದು ಬನಶಂಕರಿ ಹೆದರಿದ್ದ ಪ್ರಶ್ನೆಯನ್ನೇ: ಹಾಗಿದ್ದರೆ ನಿನ್ನ ಮಿಕ್ಕ ಕಾಗದಗಳಲ್ಲೆಲ್ಲ ಸ್ಪ್ರಿಂಗ್‌ಫೀಲ್ಡ್ ವಿಳಾಸ ಯಾಕಿದೆ?

ಸುಳ್ಳೊಂದನ್ನು ಅವಳು ರೈಲಿನಲ್ಲಿ ಉರು ಹೊಡೆದುಕೊಂಡು ಬಂದಿದ್ದಳು. ಅದು ಬಾಯಿಗೆ ಬರಲಿಲ್ಲ. ತನಗಿದ್ದ ಇಂಗ್ಲಿಷಿನಲ್ಲಿ ನಿಜವನ್ನೇ ಹೇಳಿದಳು: ತಮ್ಮ, ಕಾವೇರಿ, ಅಕ್ಕ, ಅಕ್ಕನ ತಲೆಯ ಮೇಲೆ ಇಟ್ಟ ಮಾತು, ಮುರಿದರೆ ಅಕ್ಕನಿಗೆ ಕೇಡು. ಹೇಳುತ್ತ ಹೇಳುತ್ತ ಅತ್ತಳು. ಅಧಿಕಾರಿ ಪೆನ್ನು ಕೆಳಗಿಟ್ಟಳು.

"ಈಗ ನಿನ್ನ ಅಕ್ಕ ಹೇಗಿದ್ದಾರೆ?" ಎಂದು ಕೇಳಿದಳು.

"ಬಿಪಿ. ಷುಗರ್," ಎಂದಳು ಬನಶಂಕರಿ, ಎರಡೂ ತನ್ನದೇ ತಪ್ಪು ಎಂಬ ದನಿಯಲ್ಲಿ.

ಒಂಬತ್ತು ದಿನದ ಮೇಲೆ ಮತ್ತೆ ಬಾಗಿಲಿಗೆ ಲಕೋಟೆ. ಈ ಸಲ ಅದನ್ನು ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಲೈಸೆನ್ಸು ಮಂಜೂರಾಗಿತ್ತು, ಬನಶಂಕರಿ ಸೋಮಶೇಖರ ಎಂಬ ಹೆಸರಿಗೆ. ಕೆಳಗೊಂದು ಷರತ್ತು: ಹದಿನಾಲ್ಕು ದಿನಗಳೊಳಗೆ ಎಲ್ಲ ಕಡೆಯೂ ವಿಳಾಸ ಬದಲಾಯಿಸಬೇಕು, ಇಲ್ಲದಿದ್ದರೆ ಲೈಸೆನ್ಸು ರದ್ದು.

ಬ್ಯಾಂಕಿಗೆ ಹೋದಳು, ಆಸ್ಪತ್ರೆಯಲ್ಲಿ ಬರೆಸಿದಳು, ಮೆಡಿಕೇರಿಗೆ ತಿಳಿಸಿದಳು. ಸ್ಪ್ರಿಂಗ್‌ಫೀಲ್ಡಿನಿಂದ ಗೌರಿ ಫೋನ್ ಮಾಡಿ, "ಆಂಟಿ, ಮನಸ್ಸಲ್ಲಿ ಇಟ್ಕೋಬೇಡಿ" ಎಂದು ಅತ್ತಳು. ಇವಳೇ ಸಮಾಧಾನ ಹೇಳಿದಳು. ಹದಿಮೂರನೆಯ ದಿನ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು. ಮೈಸೂರಿನಿಂದ ಬರುವ ಕ್ಯಾಲೆಂಡರು ಯಾವ ವಿಳಾಸಕ್ಕೆ ಹೋದರೆ ಯಾವ ಸರ್ಕಾರಕ್ಕೇನು? ಆದರೆ 'ಎಲ್ಲ ಕಡೆಯೂ' ಎಂದು ಅಚ್ಚಾಗಿದೆಯಲ್ಲ ಎಂಬುದು ಅವಳ ವಾದ. ಹದಿನಾಲ್ಕು ವರ್ಷ ಒಂದು ಹೆದರಿಕೆಯನ್ನು ಸಾಕಿದವಳಿಗೆ ಅದನ್ನು ಬಿಡಲೂ ಇನ್ನೊಂದು ಹೆದರಿಕೆಯ ನೆಪ ಬೇಕಾಗಿತ್ತೋ ಏನೋ.

ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿದಳು. ಅಲ್ಲಿ ಬೆಳಗಿನ ಹತ್ತೂವರೆ. ಸರ್ವಮಂಗಳ ಹುರುಳಿಕಾಯಿ ಸೋಸುತ್ತಿದ್ದಳು.

"ಅಕ್ಕ, ನಿನ್ನ ಮಾತ್ರೆ ಆಯ್ತಾ?"

"ಆಯ್ತು ಕಣೇ. ಯಾಕೆ ದನಿ ಒಂಥರಾ ಇದೆ?"

"ಕೂತ್ಕೋ ಅಕ್ಕ."

"ಕೂತೇ ಇದ್ದೀನಿ. ಹೇಳು."

ಹೇಳಿದಳು. ಪ್ರವಾಹದಿಂದ ಹಿಡಿದು ಲೈಸೆನ್ಸಿನವರೆಗೆ ಒಂದೇ ಉಸಿರಿನಲ್ಲಿ. ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡಳು. ಬೈಗುಳಕ್ಕೆ ಕಾದಳು. ಫೋನಿನ ಆ ಕಡೆ ಪ್ರೆಷರ್ ಕುಕ್ಕರ್ ಒಂದು ಸಲ ಕೂಗಿತು, ಎರಡು ಸಲ ಕೂಗಿತು. ಅಕ್ಕ ಹೋದಳೇನೋ, ಆಣೆ ತಾಗಿಯೇಬಿಟ್ಟಿತೇನೋ ಎಂದು ಬನಶಂಕರಿಗೆ ಎದೆ ಒಡೆದಂತಾಯಿತು.

"ಅಕ್ಕ? ಅಕ್ಕಾ!"

"ಶಂಕ್ರಿ." ಸರ್ವಮಂಗಳನ ದನಿ ಹದಿಮೂರರ ಹುಡುಗಿಯ ಹಾಗೆ ಸಣ್ಣಗಾಗಿತ್ತು. "ಈಜು ಬರತ್ತೇನೇ ನಿಂಗೆ?"

"ಇಲ್ಲ ಅಕ್ಕ."

"ಹದಿನಾಲ್ಕು ವರ್ಷ!" ಎಂದ ಸರ್ವಮಂಗಳ ಗೊಳೋ ಎಂದು ಅತ್ತಳು. "ಹದಿನಾಲ್ಕು ವರ್ಷ ನೀರಿನ ಮೇಲೆ ಮಲಗಿದ್ದೀಯ. ನಾನಿಲ್ಲಿ, ನೀನು ಒಣಗಿದ ಜಾಗದಲ್ಲಿದ್ದೀಯ ಅಂದ್ಕೊಂಡು ನಿದ್ದೆ ಮಾಡಿದ್ದೀನಿ. ಸೋಮಶೇಖರ ಹೋದ್ಮೇಲೂ ಒಬ್ಳೇ! ಕಾಲು ಜಾರಿದ್ರೆ ಯಾರೇ ಕೈ ಹಿಡೀತಿದ್ರು?"

"ಹೆದರ್ಬೇಡ ಅಕ್ಕ. ಏನಾಗಿಲ್ಲ ನೋಡು. ಹೆದರ್ಬೇಡ."

ಹುಟ್ಟಿದಾಗಿನಿಂದ ಯಾರಿಗೂ ಹೇಳದಿದ್ದ ಮಾತನ್ನು ತಾನೇ ಹೇಳುತ್ತಿರುವುದು ಬನಶಂಕರಿಗೆ ಆಶ್ಚರ್ಯವಾಯಿತು. ಸರ್ವಮಂಗಳ ಮೂಗು ಸೀಟಿದ್ದು ಕೇಳಿಸಿತು.

"ಆ ಹಳೇ ಆಣೆ ನಾನೇ ವಾಪಸ್ ತಗೊಂಡೆ. ಹೋಗ್ಲಿ ಬಿಡು. ಈಗ ಇನ್ನೊಂದು ಮಾಡು. ಈಜು ಕಲೀತೀನಿ ಅಂತ ನನ್ನ ಮೇಲೆ ಆಣೆ ಮಾಡು."

"ಅಕ್ಕ, ನಂಗೆ ಐವತ್ತೇಳು..."

"ಮಾಡು!"

ಮಾಡಿದಳು. ಆಮೇಲೆ ಸರ್ವಮಂಗಳ ಕನ್ನಡಕ ಹುಡುಕಿಕೊಂಡು ಬಂದು ಹೊಸ ವಿಳಾಸ ಬರೆದುಕೊಂಡಳು. ಬರ್ತ್ ಎಂದರೆ ರೈಲಿನಲ್ಲಿರುವಂಥದ್ದೇ ಎಂದು ಕೇಳಿದಳು.

ಅದರ ಮುಂದಿನ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಇಪ್ಸ್‌ವಿಚ್‌ನ ಈಜುಕೊಳದಲ್ಲಿ, ಐದಾರು ವರ್ಷದ ಮಕ್ಕಳ ಸಾಲಿನ ಕೊನೆಯಲ್ಲಿ, ಮೊಣಕಾಲಿನವರೆಗೆ ಕಪ್ಪು ಈಜುಡುಗೆ ತೊಟ್ಟ ಬನಶಂಕರಿ ನಿಂತಿದ್ದಳು. ಸೊಂಟದ ಮಟ್ಟದ ನೀರು. ಕಲಿಸುವ ಹುಡುಗಿ, ಕೊಳದಂಚಿನ ಕಂಬಿ ಬಿಟ್ಟು ಮುಂದೆ ಬಾ ಎಂದು ಕೈ ಚಾಚಿದಳು. ಬನಶಂಕರಿಯ ಹೆದರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅಕ್ಕನ ಮೇಲೆ ಇಟ್ಟ ಆಣೆಯನ್ನು ಒಂದು ಸಲ ಮುರಿದದ್ದೇ ಸಾಕಾಗಿತ್ತು. ಅವಳು ಕಂಬಿ ಬಿಟ್ಟಳು.